ಗಾಳಿ ಕದ್ದವರು ಯಾರು?

"ಚೀಲ ಖಾಲಿ ಆಗಿದೆ."

ಇಷ್ಟು ಹೇಳಿ ಒಝೀಲಿಯಾ ಡಾರ್ಸಿ ನೆಲದ ಮೇಲೆ ಕುಸಿದು ಕುಳಿತರು.

ಅದು ಚರ್ಚಿನ ಗಾಯಕರ ನಿಲುವಂಗಿಗಳನ್ನು ನೇತುಹಾಕುವ ಪುಟ್ಟ ಕೋಣೆ. ಕಪಾಟಿನಲ್ಲಿ ಒಂದು ಗಾಳಿ ಚೀಲವಿತ್ತು. ಹಿಂದಿನ ದಿನ ಬೆಳಿಗ್ಗೆ ಕಾರ್ಖಾನೆಯ ಚಿಮಣಿ ಬೊಬ್ಬಿರಿದು ಬೆಂಕಿ ಉಗುಳಿದಾಗ, ಒಝೀಲಿಯಾ ಅಂಗಳದಲ್ಲೇ ನಿಂತು, ಬಕೆಟ್ಟಿನೊಳಗೆ ಚೀಲ ಕೂರಿಸಿದ ಸಣ್ಣ ಯಂತ್ರದಿಂದ ಆ ಗಾಳಿಯನ್ನು ಹಿಡಿದಿದ್ದರು. ದಿಂಬಿನಂತೆ ಉಬ್ಬಿದ್ದ ಚೀಲ ಈಗ ಚಪ್ಪಟೆಯಾಗಿತ್ತು.

ಅದೇ ಬೆಳಿಗ್ಗೆ ಅವರ ಮೊಮ್ಮಗಳು ನೈಮಾ ಉಸಿರು ಸಿಗದೆ ಆಸ್ಪತ್ರೆ ಸೇರಿದ್ದಳು. ಇನ್ನೂ ಅಲ್ಲೇ ಇದ್ದಳು. ಕಾರ್ಖಾನೆಯನ್ನು ಇನ್ನಷ್ಟು ದೊಡ್ಡದು ಮಾಡಲು ಅನುಮತಿ ಕೊಡಬೇಕೋ ಬೇಡವೋ ಎಂದು ಮುಂದಿನ ವಾರ ತೀರ್ಮಾನ. ನಮ್ಮ ಓಡಿಲ್ ಬೆಂಡ್ ಊರಿನ ಜನರ ಕೈಯಲ್ಲಿದ್ದ ಸಾಕ್ಷಿ ಈ ಚೀಲವೊಂದೇ. ಊಟವಾದ ಮೇಲೆ ಸರ್ಕಾರದ ಪರಿಸರ ಅಧಿಕಾರಿ ಟಕೆಟ್ ಮೇಡಂ ಅದನ್ನು ಪ್ರಯೋಗಾಲಯಕ್ಕೆ ಒಯ್ಯುವವರಿದ್ದರು.

ಪಕ್ಕದ ಸಭಾಂಗಣದಲ್ಲಿ ಪರಿಸರ ಮತ್ತು ಸಾಮಾಜಿಕ ನ್ಯಾಯದ ಸಮ್ಮೇಳನ ನಡೆದಿತ್ತು. ದೊಡ್ಡ ಬ್ಯಾನರು, ದೊಡ್ಡ ಮಾತು. ನ್ಯಾಯವಂತೆ! ಗೋಡೆಯ ಈಚೆಗೆ ಒಂದು ಮಗುವಿನ ಉಸಿರನ್ನೇ ಯಾರೋ ಹಿಂಡಿ ಚೆಲ್ಲಿದ್ದರು. ನನಗೆ ಮೈಯೆಲ್ಲ ಉರಿಯಿತು.

ಕೋಣೆಯಲ್ಲಿ ಇರುವುದೊಂದೇ ಕಿಟಕಿ. ಅದು ಪೂರ್ತಿ ತೆರೆದಿತ್ತು. ಅದರಾಚೆ ಕಾರ್ಖಾನೆಯ ಚಿಮಣಿ ನೆಟ್ಟಗೆ ಕಾಣುತ್ತಿತ್ತು.

"ಕಿಟಕಿಯಿಂದ ಬಂದಿದಾನೆ. ಇನ್ಯಾರು, ಆ ಪ್ರುಯಿಟ್ಟೇ!" ಎಂದೆ ನಾನು.

ಪ್ರುಯಿಟ್ ಕಾರ್ಖಾನೆಯ ಪರವಾಗಿ ಊರಿನವರ ಜೊತೆ ನಗುನಗುತ್ತಾ ಮಾತಾಡಲೆಂದೇ ಸಂಬಳ ಪಡೆಯುವವನು. ಸಮ್ಮೇಳನಕ್ಕೆ ಡೋನಟ್ ಡಬ್ಬಗಳನ್ನು ಹೊತ್ತು ತಂದಿದ್ದ. ಸ್ವಲ್ಪ ಮೊದಲು ಅವನು ಕಟ್ಟಡದ ಹಿಂದೆ ಸಿಗರೇಟು ಸೇದುತ್ತಿದ್ದುದನ್ನು ನಾನೇ ಕಂಡಿದ್ದೆ.

"ಲೂಸಿಯನ್, ಬಾಯಿ ಸ್ವಲ್ಪ ಮುಚ್ಕೊಂಡಿರು," ಎಂದಳು ವರ್ನೀಟಾ.

ವರ್ನೀಟಾ ಗಿಲರಿ ನನ್ನ ಚಿಕ್ಕಮ್ಮನ ಮಗಳು. ಸುಟ್ಟ ಮನೆಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ವಿಮಾ ಕಂಪನಿಗೆ ಹೇಳುವುದು ಅವಳ ಕೆಲಸವಾಗಿತ್ತು. ನಿವೃತ್ತಿಯಾದರೂ ಅನುಮಾನದ ಕಣ್ಣು ಹೋಗಿಲ್ಲ. ಚೀಲವನ್ನು ತಿರುಗಿಸಿ ನೋಡಿದಳು. ಎಲ್ಲೂ ಹರಿದಿರಲಿಲ್ಲ. ವಾಲ್ವ್ ಬಿಗಿಯಾಗಿ ಮುಚ್ಚಿತ್ತು.

"ನೀನೇನಾದ್ರೂ ಇದನ್ನ ಮುಟ್ಟಿದ್ಯಾ, ಒಝೀಲಿಯಾ?"

"ಮೇಲಿನ ಕಪ್ಪು ಕವರ್ ಬಿಚ್ಚಿದೆ, ಅಷ್ಟೇ. ವಾಲ್ವ್ ಮುಟ್ಲಿಲ್ಲ."

ಬಾಗಿಲಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಅಡುಗೆಮನೆಯ ಮೊಳೆಯಲ್ಲೇ ತೂಗುತ್ತಿತ್ತು. ಅದು ಅಲ್ಲಿರುವುದು ಬಂದವರಿಗೆಲ್ಲ ಗೊತ್ತು.

ವರ್ನೀಟಾ ಮೊದಲು ಪ್ರುಯಿಟ್‌ನನ್ನು ಕರೆಸಿದಳು. ಸಿಗರೇಟು ಸೇದಿದ್ದು ನಿಜ, ಅದು ಬಿಟ್ಟು ಬೇರೇನೂ ಮಾಡಿಲ್ಲ ಎಂದ ಅವನು.

"ಗಾಳಿನ ಯಾವುದರಲ್ಲಿ ಇಟ್ಟಿದ್ರು ಗೊತ್ತಾ?"

"ಬಕೆಟ್ ಬಕೆಟ್ ಅಂತಿದ್ರಲ್ಲ—ಮುಚ್ಚಳ ಹಾಕಿ ಬಕೆಟ್ಟಲ್ಲೇ ಇಟ್ಟಿದಾರೆ ಅಂದ್ಕೊಂಡಿದ್ದೆ."

ಬಾಗಿಲಲ್ಲಿ ನಿಂತಿದ್ದವರು ಆ ಕೋಪದಲ್ಲೂ ನಕ್ಕುಬಿಟ್ಟರು.

ಮುಂದಿನವನು ಅಲ್ಸೀಡ್, ಒಝೀಲಿಯಾರ ತಮ್ಮ. ಕಾರ್ಖಾನೆಯ ಕಂಟ್ರಾಕ್ಟರನ ಬಳಿ ಪೈಪು ಬೆಸುಗೆಯ ಕೆಲಸ. ಹೊರಗೆ ಮೀನು ಕರಿಯುತ್ತಿದ್ದವನು ಜೋಳದ ಹಿಟ್ಟು ಬೇಕೆಂದು ಅಡುಗೆಮನೆಗೆ ಬಂದುಹೋಗಿದ್ದ. ಅಕ್ಕನ ಜೊತೆ ಅವನೂ ಗಾಳಿ ಹಿಡಿಯುವುದನ್ನು ಕಲಿತಿದ್ದ. ಜನ ಆಗಲೇ ಅವನನ್ನು ಓರೆಗಣ್ಣಿನಿಂದ ನೋಡತೊಡಗಿದ್ದರು.

"ಆ ಮಗು ನನ್ನ ಭುಜದ ಮೇಲೆ ಬೆಳೆದಿದ್ದು. ನನ್ನನ್ನೇ ಕೇಳ್ತೀಯಾ, ವರ್ನೀಟಾ?"

"ಎಲ್ಲರನ್ನೂ ಕೇಳ್ತೀನಿ. ಈ ಕೋಣೆಗೆ ಬಂದಿದ್ಯಾ?"

"ಇಲ್ಲ."

ಕೊನೆಗೆ ಇಯಾನ್ ಹ್ಯಾಲ್ವರ್ಸನ್. ನಗರದ ಪರಿಸರ ಸಂಸ್ಥೆಯವನು, ಈ ಸಮ್ಮೇಳನ ನಡೆಸುತ್ತಿದ್ದವನು. ಅಕ್ಕತಮ್ಮ ಇಬ್ಬರಿಗೂ ಗಾಳಿ ಹಿಡಿಯುವುದನ್ನು ಕಲಿಸಿದ್ದು ಅವನೇ. ಅವನ ಮಾತೆಂದರೆ ಬೆಣ್ಣೆ. ಒಝೀಲಿಯಾರ ಪಕ್ಕದಲ್ಲಿ ಮಂಡಿಯೂರಿ ಕೂತು ಸಮಾಧಾನ ಹೇಳಿದ. ಎದೆಗುಂದಬಾರದಂತೆ. ಮಧ್ಯಾಹ್ನ ಅವನೇ ಸಿಹಿಸುದ್ದಿ ಹೇಳುವವನಿದ್ದನಂತೆ—ಕಾರ್ಖಾನೆಯವರು ಊರಿನ ಅಂಚಿನಲ್ಲಿ ಮರ ನೆಟ್ಟು ಪಾರ್ಕು ಮಾಡಿಕೊಡಲು ಒಪ್ಪಿದ್ದಾರಂತೆ. ಅದರ ಉಸ್ತುವಾರಿ ಅವನ ಸಂಸ್ಥೆಯದು.

"ಅವರ ಷರತ್ತು ಏನು?" ಎಂದಳು ವರ್ನೀಟಾ.

"ಮಾಮೂಲಿ, ಮಿಸ್ ವರ್ನೀಟಾ. ಹೊಸ ದೂರು ಯಾವುದೂ ಇರಬಾರದು, ಅಷ್ಟೇ."

ಅವಳು ಇನ್ನೇನೂ ಕೇಳಲಿಲ್ಲ. ಹೊರಗೆ ಹೋಗಿ ಕಿಟಕಿಯ ಕೆಳಗನ್ನು ನೋಡಿ ಬಂದಳು. ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿದಳು. ಟಕೆಟ್ ಮೊದಲ ಸಾಲಿನಲ್ಲಿದ್ದರು.

"ಕಳ್ಳ ಕಿಟಕಿಯಿಂದ ಬರಲಿಲ್ಲ. ಕೆಳಗೆ ಮುಳ್ಳುಪೊದೆ ಇದೆ, ಒಂದು ಎಲೆಯೂ ಮುರಿದಿಲ್ಲ. ಬಾಗಿಲಿಂದಾನೇ ಬಂದ, ಬಾಗಿಲಿಂದಾನೇ ಹೋದ. ಅವನೇನು ಮಾಡಿದ ನೋಡಿ. ಪ್ರುಯಿಟ್ ಥರದೋನು ಆಗಿದ್ರೆ ಚೀಲ ಹರೀತಿದ್ದ, ಇಲ್ಲಾ ಹೊತ್ಕೊಂಡು ಹೋಗ್ತಿದ್ದ. ಇವನು ವಾಲ್ವ್ ತಿರುಗಿಸಿ, ಗಾಳಿ ಹಿಂಡಿ, ಮತ್ತೆ ವಾಲ್ವ್ ಬಿಗಿ ಮಾಡಿದಾನೆ. ಬಿಸಿಲು ಬಿದ್ರೆ ಕೆಡುತ್ತೆ ಅಂತ ಕಪ್ಪು ಕವರ್ ಸುತ್ತಿಟ್ಟಿದಾನೆ. ಖಾಲಿ ಚೀಲಕ್ಕೆ ಬಿಸಿಲು ಬಿದ್ರೆಷ್ಟು, ಬಿಟ್ರೆಷ್ಟು? ಅದು ಅಭ್ಯಾಸ. ಕಲಿತ ಕೈ ಮಾಡಿದ ಕೆಲಸ."

ಕಲಿತ ಕೈಗಳು ಮೂರೇ ಜೊತೆ. ಎಲ್ಲರ ಕಣ್ಣೂ ಅಲ್ಸೀಡ್‌ನ ಮೇಲೆ ಬಿತ್ತು. ಅವನು ಎದ್ದು ನಿಂತ. ಮುಖ ಕೆಂಡವಾಗಿತ್ತು.

"ಕೂತ್ಕೋ, ಅಲ್ಸೀಡ್. ನೀನಲ್ಲ," ಎಂದಳು ವರ್ನೀಟಾ. "ಪುಟ್ಟ ಕೋಣೆ. ಆ ಗಾಳಿ ಬಿಟ್ಟಾಗ ವಾಸನೆ ತುಂಬ್ಕೊಂಡಿದೆ. ಅದು ಹೋಗಲಿ ಅಂತ ಕಿಟಕಿ ತೆಗೆದ. ಯಾವ ಕಡೆ ಕಿಟಕಿ ಅದು?"

ನನಗೆ ಆಗ ಹೊಳೆಯಿತು. ಕಾರ್ಖಾನೆ ಕಡೆಯ ಕಿಟಕಿ! ಓಡಿಲ್ ಬೆಂಡಿನಲ್ಲಿ ಅದನ್ನು ಯಾರೂ ತೆರೆಯುವುದಿಲ್ಲ. ಸೆಕೆಗೆ ಬೆಂದುಹೋದರೂ ತೆರೆಯುವುದಿಲ್ಲ. ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವ ಪಾಠ ಅದು. ನಮ್ಮ ಮನೆಯಲ್ಲಿ ಆ ಕಿಟಕಿಗೆ ಅಡ್ಡಲಾಗಿ ಅಲಮಾರು ನಿಲ್ಲಿಸಿದ್ದೇವೆ. ಕಣ್ಣೆದುರಿಗಿದ್ದ ಕಿಟಕಿಯನ್ನು ನಾನು ಕಳ್ಳನ ದಾರಿ ಎಂದುಕೊಂಡಿದ್ದೆ.

"ಇಲ್ಲಿ ಹುಟ್ಟಿದೋರ ಕೈ ಆ ಚಿಲಕಕ್ಕೆ ಹೋಗೋದೇ ಇಲ್ಲ," ಎಂದಳು ವರ್ನೀಟಾ. "ವಾಸನೆ ಹೋಗಲಿ ಅಂತ ಕಿಟಕಿ ತೆಗೆಯೋದು, ಹೊರಗಡೆ ಒಳ್ಳೆ ಗಾಳಿ ಇರೋ ಊರಿನೋರು. ಗಾಳಿ ಹಿಡಿಯೋದೂ ಗೊತ್ತು, ಈ ಊರಲ್ಲಿ ಒಂದು ರಾತ್ರಿಯೂ ಮಲಗಿಲ್ಲ—ಅಂಥೋರು ಇಲ್ಲಿ ಒಬ್ರೇ. ಅಲ್ವಾ, ಇಯಾನ್?"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಇಯಾನ್ ಒಪ್ಪಿಕೊಂಡ. ಒಪ್ಪಿಕೊಂಡ ರೀತಿಯೂ ಹೊಟ್ಟೆ ಉರಿಸುವಂಥದ್ದೇ. ಎಲ್ಲವನ್ನೂ ನಮ್ಮ ಒಳ್ಳೆಯದಕ್ಕೇ ಮಾಡಿದನಂತೆ. ಇಷ್ಟು ವರ್ಷ ಹೋರಾಡಿ ನಮಗೇನು ಸಿಕ್ಕಿತಂತೆ? ಈ ಚೀಲ ಪ್ರಯೋಗಾಲಯಕ್ಕೆ ಹೋಗಿದ್ದರೆ ಒಪ್ಪಂದ ಮುರಿಯುತ್ತಿತ್ತಂತೆ. ಒಪ್ಪಂದ ಉಳಿದರೆ ಮರಗಳಾದರೂ ಸಿಗುತ್ತಿದ್ದವಂತೆ.

"ನನ್ನ ಮಗೂಗೆ ಬೇಕಿರೋದು ಉಸಿರು. ನೆರಳಲ್ಲ," ಎಂದರು ಒಝೀಲಿಯಾ.

ಟಕೆಟ್ ಕೈಚೀಲ ಹೆಗಲಿಗೇರಿಸಿ ಎದ್ದರು. ಬಹಳ ಬೇಸರವಾಗಿದೆ, ಆದರೆ ಗಾಳಿಯೇ ಇಲ್ಲವಾದರೆ ಇಲಾಖೆ ಏನೂ ಮಾಡುವಂತಿಲ್ಲ ಎಂದರು.

"ನಿಲ್ಲಿ ಮೇಡಂ," ಎಂದರು ಒಝೀಲಿಯಾ. ನೇರವಾಗಿ ಇಯಾನ್‌ನ ಎದುರು ಹೋಗಿ ನಿಂತರು. "ಆ ಕಿಟಕಿ ಯಾಕೆ ತೆಗೆದೆ? ಏನು ವಾಸನೆ ಬಂತು?"

ಅವನು ತಲೆ ತಗ್ಗಿಸಿದ. ಅವರು ಕದಲಲಿಲ್ಲ.

"ಕೊಳೆತ ಮೊಟ್ಟೆ ವಾಸನೆ," ಎಂದ ಕೊನೆಗೆ. "ಕಣ್ಣು ಉರೀತು. ಎದೆ ಹಿಡ್ಕೊಂಡಂಗಾಯ್ತು. ಅಲ್ಲಿ ನಿಲ್ಲೋಕೇ ಆಗ್ಲಿಲ್ಲ."

ಟಕೆಟ್ ಮತ್ತೆ ಕುಳಿತರು. ಪೆನ್ನು ತೆಗೆದರು. ಪರಿಣತರೊಬ್ಬರು ಸ್ವತಃ ಅನುಭವಿಸಿ ಹೇಳಿದ ಮಾತು ಇದು, ದಾಖಲಿಸಬಹುದು ಎಂದರು. ಇಯಾನ್‌ನ ಪೂರ್ತಿ ಹೆಸರು, ಓದು, ಅನುಭವ ಕೇಳತೊಡಗಿದರು.

ಒಝೀಲಿಯಾ ಕುರ್ಚಿಯೊಂದನ್ನು ಎಳೆದುಕೊಂಡು ಅವರ ಎದುರಿಗೇ ಕುಳಿತರು.

"ಅವನು ಈಗ ಹೇಳಿದ ಮಾತನ್ನೇ ನಾನು ನಿಮ್ಮ ಆಫೀಸಿಗೆ ಫೋನ್ ಮಾಡಿ ಮಾಡಿ ಹೇಳಿದೀನಿ. ನನ್ನಮ್ಮನೂ ಹೇಳಿ ಹೇಳಿ ಸತ್ತಳು. ಅವಾಗ ನಿಮ್ಮೋರು ಯಾರೂ ಪೆನ್ನು ತೆಗೀಲಿಲ್ಲ. ಮೊದಲು ನನ್ನ ಹೆಸರು ಬರ್ಕೊಳ್ಳಿ ಮೇಡಂ. ಅವನದು ಆಮೇಲೆ."