ಪಾಲುಪತ್ರದ ಐದನೆಯ ಕಲಮು

“ಯಾಕ ನಿಂದರಿಸಿದಿ? ಬರಿ!” ಹಣಮಂತಪ್ಪ ವಕೀಲರು ಗದರಿದರು.

ಚಂದ್ರಭಾಗಾಳ ಕೈ ಹಾಳೆಯ ಮೇಲೆ ನಿಂತುಬಿಟ್ಟಿತ್ತು. ಅಪ್ಪನ ಕಾಗದಗಳನ್ನು ಶುದ್ಧಪ್ರತಿ ಮಾಡುವುದು ಬೀದರಿನ ಆ ಮನೆಯಲ್ಲಿ ಅವಳದೇ ಕೆಲಸ. ಅಷ್ಟು ದುಂಡಾದ ಅಕ್ಷರ ಇನ್ನಾರದೂ ಇರಲಿಲ್ಲ. ಇವತ್ತಿನದು ವಕೀಲಿ ಕಚೇರಿಯ ಪಾಲುಪತ್ರ. ಬೀದರದ ಕೆಲಸ ಅಪ್ಪನಿಗೆ, ಭಾಲ್ಕಿ ಮತ್ತು ಔರಾದದ್ದು ತನ್ನ ಗಂಡ ವೈಜಿನಾಥನಿಗೆ ಎಂದು ನಾಲ್ಕು ಕಲಮುಗಳನ್ನು ಹಿಗ್ಗಿನಿಂದಲೇ ಬರೆದಿದ್ದಳು. ಐದನೆಯದು ಹೀಗಿತ್ತು: ‘ವೈಜಿನಾಥನು ನನ್ನ ಕಿರಿಯ ಮಗಳು ಹೀರಾಬಾಯಿಯನ್ನು ಮದುವೆಯಾಗತಕ್ಕದ್ದು. ಅವಳಲ್ಲಿ ಹುಟ್ಟಿದ ಗಂಡುಮಗನೇ ನನ್ನ ನಂತರ ಬೀದರದ ಪಾಲಿಗೆ ಹಕ್ಕುದಾರ.’

ತಂಗಿಯನ್ನು! ತನ್ನ ಗಂಡನಿಗೆ!

“ಅಪ್ಪಾ... ಇದು ತಪ್ಪಿ ಬರದೀರೇನ್ರಿ?”

“ತಪ್ಪ್ಯಾಕ ಬರೀಲಿ? ರಶೀದ ಅಹ್ಮದ ಇಪ್ಪತ್ತು ವರ್ಷ ನನ್ನ ಪಾಲುದಾರ ಇದ್ದ. ಪೊಲೀಸ್ ಆಕ್ಷನ್ ಆತು, ಅಂಜಿ ಹೈದರಾಬಾದಿಗೆ ಹೋದ. ಭಾಲ್ಕಿ ಕಕ್ಷಿದಾರರೆಲ್ಲಾ ಚದುರಿಹೋದ್ರು. ರಕ್ತಸಂಬಂಧ ಇಲ್ಲದ ಕಚೇರಿ ಬೆಳಿಯೂದಿಲ್ಲ. ನಿನಗ ಮಕ್ಕಳಿಲ್ಲ. ನಾಳೆ ಈ ನಿನ್ನ ಗಂಡ ಬ್ಯಾರೆ ಕಚೇರಿ ತೆಗದ್ರ?”

ಮಕ್ಕಳಿಲ್ಲ! ಎಷ್ಟು ಸಲೀಸಾಗಿ ಅಂದುಬಿಟ್ಟರು ಪುಣ್ಯಾತ್ಮರು! ರಜಾಕಾರರ ಗಲಾಟೆಯಲ್ಲಿ ಇದೇ ಅಪ್ಪ ಔರಾದಿನಲ್ಲಿದ್ದ ಅವಳಿಗೆ ಹೇಳಿ ಕಳಿಸಿದ್ದರು, ಕೋರ್ಟು ಖಟ್ಲೆ ಕಾಗದದ ಪೆಟ್ಟಿಗೆ ಬಿಟ್ಟು ಬರಬೇಡ ಎಂದು. ಏಳು ತಿಂಗಳ ಬಸುರಿ ಆ ಪೆಟ್ಟಿಗೆಯನ್ನು ತಾನೇ ಎತ್ತಿ ಬಂಡಿಗೆ ಹಾಕಿದಳು. ಬೀದರಿಗೆ ಬಂದ ದಿನವೇ ಕೂಸು ಹೋಯಿತು. ಇನ್ನು ಬಸಿರು ನಿಲ್ಲದು ಎಂದು ಸೂಲಗಿತ್ತಿ ಗುಂಡಮ್ಮ ಅಂದೇ ಹೇಳಿದ್ದಳು. ಪೆಟ್ಟಿಗೆ ಮಾತ್ರ ಉಳಿಯಿತು, ಆ ಕಾಗದಗಳಿಂದಲೇ ಕಚೇರಿ ಮತ್ತೆ ನಿಂತಿತು.

ಒಳಕೋಣೆಯಿಂದ ಹೀರಾಳ ಅಳು ಕೇಳಿಸಿತು. ಅವಳಿಗೆ ಮೊದಲೇ ಹೇಳಿದ್ದರು. ಕೊನೆಗೆ ತಿಳಿದದ್ದು ಬರೆಯುವವಳಿಗೇ!

ಚಂದ್ರಭಾಗಾ ಗಂಡನತ್ತ ತಿರುಗಿದಳು. “ನೀವರ ಒಂದು ಮಾತು ಹೇಳ್ರಿ...”

ಕೋರ್ಟಿನಲ್ಲಿ ಎದುರಾಳಿಯ ಬೆವರಿಳಿಸುವ ಮಹಾಶಯ ಈಗ ಕೋಟಿನ ಗುಂಡಿ ನೋಡುತ್ತ ಕೂತಿದ್ದ.

“ಮಾವನವರು ಒಳ್ಳೇದಕ್ಕ ಮಾಡ್ಯಾರ, ಚಂದ್ರಾ. ನಿನಗೇನು ಮನಿ ಬಿಟ್ಟು ಹೋಗು ಅಂದಿಲ್ಲಲ್ಲ.”

ಅವಳು ಮತ್ತೆ ಅಪ್ಪನತ್ತ ತಿರುಗಿದಳು. “ಪಾಲುದಾರ ಬಿಟ್ಟುಹೋದ್ರ ಅವನಿಗೇನು ಕೊಡಬೇಕಂತ ಎರಡನೇ ಕಲಮಿನಾಗ ಬರಸೀರಿ. ನನಗೇನ್ರಿ, ಅಪ್ಪಾ?”

“ನೀ ಪಾಲುದಾರಳೇನು?” ಹಣಮಂತಪ್ಪ ನಿಜಕ್ಕೂ ಆಶ್ಚರ್ಯದಿಂದ ಕೇಳಿದರು. “ನೀ ಬರೀದಿದ್ರ ಮುನಶಿ ಕಾಶೀರಾಮ ಬರೀತಾನ. ನಾಳಿಗೆ ಊರೆಲ್ಲಾ ಗೊತ್ತಾಗ್ತದ.”

ಅವಳು ಬರೆದಳು... ಕಣ್ಣೀರು ಹಾಳೆಗೆ ಬೀಳದಂತೆ ಸೆರಗು ಹಿಡಿದುಕೊಂಡು ಬರೆದಳು!

“ಸಾಕ್ಷಿ ಸಹಿನೂ ನೀನೇ ಹಾಕು. ನಾಳೆ ನನಗ ಗೊತ್ತಿರಲಿಲ್ಲ ಅನ್ನಬಾರದು.”

ಚಂದ್ರಭಾಗಾ, ಗಂಡ ವೈಜಿನಾಥ, ಎಂದು ಬರೆಯುವಷ್ಟರಲ್ಲಿ ಅಪ್ಪನ ಬೆರಳು ಹಾಳೆಯ ಮೇಲೆ ಬಂತು.

“ಗಂಡನ ಹೆಸರು ಬ್ಯಾಡ. ತಂದಿ ಹಣಮಂತಪ್ಪ ಅಂತ ಬರಿ. ಒಂದೇ ಕಾಗದದಾಗ ಇಬ್ಬರು ಹೆಂಡಂದಿರು ಬಂದ್ರ ಮುಂದ ತಕರಾರು ಏಳ್ತದ.”

ಅವಳು ಗಂಡನ ಹೆಸರಿನ ಮೇಲೆ ಮೆಲ್ಲಗೆ ಗೆರೆ ಎಳೆದಳು. ವಕೀಲರು ಹಾಳೆ ಎತ್ತಿ ನೋಡಿ ಮುಖ ಸಿಂಡರಿಸಿದರು.

“ಹೊಡದು ತಿದ್ದಿದ ಕಾಗದ ನಡಿಯೂದಿಲ್ಲ. ಮತ್ತ ಮೊದಲಿಂದ ಬರಿ.”

ಚಂದ್ರಭಾಗಾ ಹೊಸ ಹಾಳೆ ತೆಗೆದುಕೊಂಡಳು. ಈ ಸಲ ಐದನೆಯ ಕಲಮಿನಲ್ಲಿ ಅವಳ ಕೈ ನಿಲ್ಲಲಿಲ್ಲ.