ವಂಶಾವಳಿಯ ನಲವತ್ತೊಂದನೇ ಹಾಳೆ

"ನಾಚಿಕೆ ಆಗಲ್ವಾ ನಿಮಗೆ? ಹನ್ನೆರಡು ವರ್ಷ ರೀ! ಆ ಒಂದು ಹಾಳೆಗೋಸ್ಕರ ಹನ್ನೆರಡು ವರ್ಷ ಊರೂರು ಅಲೆದವನು ನಾನು. ನನಗೇ ಟೋಪಿ ಹಾಕಿದ್ರಲ್ಲ!"

ಹಲ್ಲಿನ ಡಾಕ್ಟರು ಬಾಗಿಲು ದೂಡಿದ ರಭಸಕ್ಕೆ ಮೇಜಿನ ಮೇಲಿದ್ದ ಅಂಟಿನ ಬಟ್ಟಲು ಅಲುಗಾಡಿತು. ಕಂಕುಳಲ್ಲಿದ್ದ ಪುಸ್ತಕವನ್ನು ಮಾತ್ರ ಹಸುಗೂಸಿನಂತೆ ಮೆಲ್ಲಗೆ ಮಲಗಿಸಿದ.

ಅವಳು ಕೈಯಲ್ಲಿದ್ದ ಕುಂಚವನ್ನು ಕೆಳಗಿಟ್ಟಳು. ಇವನಿಗೆ ಗೊತ್ತಾಗಿಹೋಯಿತು...

"ಯಾರು ಹೇಳಿದ್ರು?"

"ನೋಡಿ! ಯಾರು ಹೇಳಿದ್ರು ಅಂತ ಕೇಳ್ತೀರೇ ಹೊರತು, ಸುಳ್ಳು ಅಂತ ಹೇಳಲ್ಲ! ನಿನ್ನೆ ಸಂಗ್ರಾಹಕರ ಸಂಘದ ಪ್ರದರ್ಶನ. ಅಷ್ಟು ಜನರ ಎದುರು ಎದೆಯುಬ್ಬಿಸಿ ನಿಂತು, ಕಳೆದುಹೋದ ಹಾಳೆ ಸಿಕ್ತು ಅಂತ ಭಾಷಣ ಬಿಗಿದೆ. ಅಧ್ಯಕ್ಷರು ಭೂತಗನ್ನಡಿ ಹಿಡಿದು ಎರಡೇ ನಿಮಿಷ ನೋಡಿದ್ರು. ಬಣ್ಣ ಹೊಸದು ಅಂದ್ರು. ಜನ ನಕ್ಕರು ರೀ! ದಿನಾ ಕಟ್ಟಿಸಿದ ಹಲ್ಲು ನೋಡೋನು ನಾನು. ಕಟ್ಟಿಸಿದ ಹಾಳೆ ಕಾಣಲಿಲ್ಲ ನನ್ನ ಕಣ್ಣಿಗೆ!"

ಕೊನೆಯ ಮಾತನ್ನು ಅವನು ತನಗೇ ಹೇಳಿಕೊಂಡಂತಿತ್ತು. ಅವಳಿಗೆ ಅವನ ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು.

ಅವಳು ಈ ಬೈಂಡಿಂಗ್ ಅಂಗಡಿಯ ಮಗಳು. ವಯಸ್ಸು ಮೂವತ್ತಾರು. ಹರಿದ ಪುಸ್ತಕಗಳನ್ನು ಹೊಲಿದು, ಅಂಟಿಸಿ, ರಟ್ಟು ಹಾಕುವುದರಲ್ಲೇ ಮದುವೆಯ ವಯಸ್ಸು ಜಾರಿಹೋಗಿತ್ತು. ಅದಕ್ಕಾಗಿ ಅವಳು ಅತ್ತವಳಲ್ಲ. ಈ ಡಾಕ್ಟರು ಬರುವ ತನಕ.

ಅವನದು ವಿಚಿತ್ರ ಹುಚ್ಚು. ರಾಜಮನೆತನಗಳ ವಂಶಾವಳಿಯ ಹಳೇ ಚಿತ್ರಪುಸ್ತಕಗಳು ಎಲ್ಲಿದ್ದರೂ ಬೆನ್ನುಹತ್ತಿ ತರುತ್ತಿದ್ದ. ಕ್ಲಿನಿಕ್ಕಿನ ಹಿಂದಿನ ಕೋಣೆಯ ತುಂಬಾ ಅವೇ. ರೋಗಿ ಬಾಯಿ ತೆರೆದರೆ ಸಾಕು, ಐದನೇ ರಾಜನ ಮೂರನೇ ಹೆಂಡತಿಯ ಕಥೆ ಶುರು! ಬೇಡ ಎನ್ನೋಣವೆಂದರೆ ಬಾಯಿ ತುಂಬಾ ಹತ್ತಿ.

"ಅಲ್ಲಾ ಡಾಕ್ಟ್ರೇ, ಯಾರದೋ ಮುತ್ತಾತನ ಕಟ್ಟಿಕೊಂಡು ನಿಮಗೇನು?" ಎಂದು ಒಮ್ಮೆ ಅವಳು ಕೇಳಿದ್ದಳು.

ಅವನು ನಕ್ಕಿದ್ದ. "ನಾನು ಅನಾಥಾಲಯದಲ್ಲಿ ಬೆಳೆದೋನು. ನನ್ನ ಅಪ್ಪನ ಹೆಸರಿನ ಜಾಗದಲ್ಲಿ ಒಂದು ಗೀಟು ಇದೆ, ಅಷ್ಟೇ. ಇವರಿಗೆಲ್ಲಾ ಇಪ್ಪತ್ತು ತಲೆಮಾರು ಗೊತ್ತು ನೋಡಿ, ಹೊಟ್ಟೆ ಉರಿಯುತ್ತೆ. ಅದಕ್ಕೇ ತಂದು ಕಪಾಟಲ್ಲಿ ಕೂಡಿಹಾಕ್ತೀನಿ!"

ಅವನು ತಮಾಷೆಯಾಗಿಯೇ ಹೇಳಿದ. ಅವಳ ಮನಸ್ಸು ಅವತ್ತೇ ಅವನ ಪಾಲಾಯಿತು.

ನಾಲ್ಕು ತಿಂಗಳ ಹಿಂದೆ ಅವನು ತಂದುಕೊಟ್ಟದ್ದು ಈ ಪುಸ್ತಕ. ಪ್ರತಿ ಹಾಳೆಯಲ್ಲೂ ಕೈಯಿಂದ ಬರೆದ ಮರ. ಬೇರಿನಲ್ಲಿ ರಾಜ, ಕೊಂಬೆಗಳಲ್ಲಿ ರಾಣಿಯರು, ಎಲೆಗೊಂದರಂತೆ ಮಕ್ಕಳ ಮುಖ. ನಲವತ್ತೊಂದನೇ ಹಾಳೆ ಇರಲಿಲ್ಲ. ಆ ಹಾಳೆಯ ಒಂದು ಮಸುಕು ಫೋಟೋ ಮಾತ್ರ ಅವನ ಬಳಿ ಇತ್ತು. "ಕೊಡಿ, ನಾನೂ ಹುಡುಕ್ತೀನಿ" ಎಂದು ಅವಳು ಅದನ್ನು ಇಸಿದುಕೊಂಡಳು.

ಹುಡುಕಿದಳು ಕೂಡ. ಸಿಗಲಿಲ್ಲ. ಕೊನೆಗೆ ಹಳೇ ಕಾಗದ ತಂದು, ಬಣ್ಣ ಅರೆದು, ಆ ಫೋಟೋ ನೋಡಿಕೊಂಡು ತಾನೇ ಬರೆದಳು. ಮೋಸಕ್ಕಲ್ಲ. ಹಾಳೆ ಇಲ್ಲದ ಕಡೆ ಹೊಸ ಹಾಳೆ ಬರೆದು ಸೇರಿಸುವುದು ಈ ಕಸುಬಿನಲ್ಲಿ ಇದ್ದದ್ದೇ. ಆದರೆ ಅಪ್ಪನ ಅಂಗಡಿಗೆ ಒಂದು ಕಟ್ಟುಪಾಡಿತ್ತು: ಹೊಸ ಹಾಳೆಯ ಒಳಮಡಿಕೆಯ ಹತ್ತಿರ ಸೂಜಿಯಿಂದ ಮೂರು ತೂತು ಚುಚ್ಚಬೇಕು. ತಿಳಿದವರು ನೋಡಿದರೆ ಇದು ಹೊಸದೆಂದು ಗೊತ್ತಾಗಬೇಕು. ಅವಳು ಚುಚ್ಚಿದ್ದಳು. ಪುಸ್ತಕ ಕೊಡುವಾಗ ತೋರಿಸಿ, 'ಇದು ನಾನು ನಿಮಗಾಗಿ ಬರೆದದ್ದು' ಎಂದು ಹೇಳಬೇಕೆಂದು ಕನ್ನಡಿಯ ಮುಂದೆ ನಾಲ್ಕು ಸಲ ಅಭ್ಯಾಸವನ್ನೂ ಮಾಡಿಕೊಂಡಿದ್ದಳು!

ಹೊಲಿದವರು ಅಪ್ಪ.

ಅಪ್ಪನ ಕಣ್ಣು ಮಂಜಾಗಿ ಎರಡು ವರ್ಷ. ಗಿರಾಕಿಗಳಿಗೆ ಗೊತ್ತಿಲ್ಲ; ಕೋಲು ಹಿಡಿದದ್ದು ಮುಪ್ಪಿಗೆ ಎಂದುಕೊಂಡಿದ್ದರು. "ನನ್ನ ಬೆರಳಿಗೇ ಕಣ್ಣಿದೆ" ಎಂದು ತಡವಿ ತಡವಿ ಹೊಲಿಯುತ್ತಿದ್ದರು. ಬೇರೆ ಎಲ್ಲಾ ಕೆಲಸ ಮಗಳಿಗೆ ಬಿಟ್ಟುಕೊಟ್ಟಿದ್ದರು, ಹೊಲಿಗೆಯೊಂದನ್ನು ಬಿಟ್ಟಿರಲಿಲ್ಲ. ಅವಳು ಗುಟ್ಟಾಗಿ ಸೇರಿಸಿಟ್ಟಿದ್ದ ಆ ಹಾಳೆಯ ಮೂರು ತೂತು ಅವರ ಬೆರಳಿಗೆ ಸಿಕ್ಕಿದವು. ಹೊಲಿಗೆಯ ತೂತೇ ಇರಬೇಕೆಂದು ಅವುಗಳಲ್ಲೇ ದಾರ ಓಡಿಸಿಬಿಟ್ಟರು. ಗುರುತು ದಾರದಡಿ ಹೂತುಹೋಯಿತು.

ಡಾಕ್ಟರು ಪುಸ್ತಕ ಬಿಡಿಸಿ, ಆ ಹಾಳೆ ಕಂಡು, ಅಂಗಡಿಯ ನಡುವೆ ನಿಂತು ಅತ್ತುಬಿಟ್ಟಿದ್ದ. "ಸಿಕ್ತಾ? ನಿಜವಾಗ್ಲೂ ಸಿಕ್ತಾ?"

ಅಪ್ಪ ಹೆಮ್ಮೆಯಿಂದ, "ನನ್ನ ಮಗಳು ಹುಡುಕ್ತೀನಿ ಅಂದ್ರೆ ಸಿಗದೇ ಇರುತ್ತಾ!" ಎಂದಿದ್ದರು.

ಅವಳು ಒಳಮಡಿಕೆ ನೋಡಿದಳು. ತೂತು ಕಾಣಬೇಕಾದ ಕಡೆ ದಾರ... ಅವತ್ತು ಹೇಳಬೇಕಿತ್ತು. ಹೇಳಲಿಲ್ಲ. ಪ್ರದರ್ಶನ ಇದೆಯೆಂದು ಅವಳಿಗೇನು ಕನಸು ಬಿದ್ದಿತ್ತೇ?

"ಒಂದು ಮಾತು ಹೇಳಿ," ಡಾಕ್ಟರ ದನಿ ಈಗ ತಗ್ಗಿತ್ತು. "ಏನೋ ಕಾರಣ ಇದೆ ಅನ್ನಿ. ನಂಬ್ತೀನಿ. ನಿಮ್ಮನ್ನ ನಂಬೋಕೇ ನಾನು ಇಲ್ಲಿಗೆ ಬಂದಿರೋದು, ಕಣ್ರೀ..."

ಅವಳು ಬಾಯಿ ತೆರೆದಳು. ಅಷ್ಟರಲ್ಲೇ ಹೊರಗೆ ಕೋಲಿನ ಸದ್ದು. ಕ್ಷೌರ ಮಾಡಿಸಿಕೊಂಡ ಅಪ್ಪ, ಕೈ ಹಿಡಿದುಕೊಂಡು ಅವರ ತಂಗಿ.

"ಮಾತು ಕೇಳ್ತಲ್ಲ, ಡಾಕ್ಟ್ರಾ? ಬನ್ನಿ ಬನ್ನಿ! ಹಲ್ಲು ಕೀಳೋಕೆ ಬಂದ್ರಾ?" ಎಂದರು ಅಪ್ಪ.

"ಕೀಳೋಕೆ ನಿನ್ನ ಬಾಯಲ್ಲಿ ಹಲ್ಲೆಲ್ಲಿವೆ ಅಣ್ಣಾ," ಎಂದಳು ಅತ್ತೆ.

ಅಪ್ಪ ಮನಸಾರೆ ನಕ್ಕರು. ಆ ನಗು ನೋಡಿ ಅವಳ ಬಾಯಿ ಮುಚ್ಚಿಕೊಂಡಿತು. ಹೆಣ್ಣಿನ ಮೌನಕ್ಕೆ ಸಾವಿರ ಅರ್ಥ ಎಂದು ಬರೆಯುವವರು ಬರೆದುಕೊಳ್ಳಲಿ. ಇವಳ ಮೌನಕ್ಕೆ ಇದ್ದದ್ದು ಒಂದೇ ಅರ್ಥ. ಅಪ್ಪ.

"ತಪ್ಪು ನಂದೇ," ಎಂದಳು ಪಿಸುದನಿಯಲ್ಲಿ. "ಹೋಗಿ ಡಾಕ್ಟ್ರೇ."

ಅವನು ಪುಸ್ತಕ ಎತ್ತಿಕೊಂಡು ಹೋದ.

ಎರಡು ದಿನ ಅವಳು ಮಾಡಿದ ಕೆಲಸವೆಲ್ಲಾ ಕೆಟ್ಟಿತು. ರಟ್ಟು ಸೊಟ್ಟ, ಅಂಟು ಗಂಟು. ಮೂರನೇ ದಿನ ಸೀದಾ ಕ್ಲಿನಿಕ್ಕಿಗೆ ಹೋಗಿ, ರೋಗಿಗಳ ಸಾಲಿನಲ್ಲಿ ಕೂತು, ಸರದಿ ಬಂದಾಗ ಆ ಒರಗುವ ಕುರ್ಚಿ ಏರಿದಳು. ಡಾಕ್ಟರು ಚೀಟಿ ನೋಡುತ್ತಲೇ ಒಳಗೆ ಬಂದ.

"ಬಾಯಿ ತೆಗೀರಿ."

"ಅದಕ್ಕೇ ಬಂದಿದ್ದೀನಿ."

ಅವನು ತಲೆ ಎತ್ತಿದ. ಅವಳು ಎಲ್ಲವನ್ನೂ ಹೇಳಿದಳು. ತೂತು, ದಾರ, ಅಪ್ಪನ ಕಣ್ಣು... ಒಂದನ್ನೂ ಬಿಡಲಿಲ್ಲ.

ಅವನು ಮುಖಕ್ಕೆ ಕಟ್ಟಿದ ಬಟ್ಟೆಯನ್ನು ನಿಧಾನಕ್ಕೆ ಕೆಳಗೆಳೆದ. "ಅಪ್ಪ ಇಲ್ಲದಾಗ ಬಂದು ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು." ಅವಳ ಕಣ್ಣು ತುಂಬಿತು. "ನೀವು ಅವತ್ತು ಅತ್ತಿರಲ್ಲ... ಹನ್ನೆರಡು ವರ್ಷ ಹುಡುಕಿದ್ದನ್ನ ನಾನೇ ತಂದುಕೊಟ್ಟೆ ಅಂತ ನನಗೂ ಅನಿಸಿಬಿಡ್ತು. ಆ ಸಂತೋಷ ಬಿಡೋಕೆ ಮನಸ್ಸಾಗಲಿಲ್ಲ. ಇಷ್ಟಪಟ್ಟವರ ಮುಂದೆ ಮನುಷ್ಯರು ಎಂಥಾ ಕಳ್ಳರಾಗ್ತಾರೆ ಗೊತ್ತಾ!"

ಹೇಳಿದ ಮೇಲೆಯೇ ತಾನೇನು ಹೇಳಿದೆ ಎಂದು ಅವಳಿಗೆ ಹೊಳೆದದ್ದು. ಎದ್ದು ಓಡೋಣವೆಂದರೆ ಕುರ್ಚಿ ಹಿಂದಕ್ಕೆ ಒರಗಿತ್ತು.

ಅವನು ನಗಲಿಲ್ಲ. ಕುರ್ಚಿಯನ್ನು ನೆಟ್ಟಗೆ ಮಾಡಿದ. "ನಾನೂ ಕಳ್ಳನೇ. ಒಂದು ವರ್ಷದಿಂದ ಗಟ್ಟಿ ಇರೋ ಪುಸ್ತಕಗಳ ಬೆನ್ನು ಕಿತ್ತು ನಿಮ್ಮ ಅಂಗಡಿಗೆ ತರ್ತಾ ಇದ್ದೀನಿ."

"ಅಯ್ಯೋ ಪಾಪಿ! ಆ ಕೆಂಪು ರಟ್ಟಿಂದೂ?"

"ಅದೂ."

ಅಳುತ್ತಲೇ ಅವಳಿಗೆ ನಗು ಬಂತು. ಆದರೆ ಮೇಜಿನ ಮೇಲೆ ಸಂಘದ ಪತ್ರವಿತ್ತು. ನಕಲಿ ಹಾಳೆ ಮಾಡಿದವರು ಯಾರೆಂದು ವಾರದೊಳಗೆ ಬರೆದು ತಿಳಿಸಬೇಕು. ಇಲ್ಲದಿದ್ದರೆ ಅವನೇ ಮೋಸಗಾರ. ಅವನ ಪುಸ್ತಕಗಳನ್ನು ಇನ್ನು ಯಾವ ಸಂಗ್ರಾಹಕನೂ ಮುಟ್ಟುವುದಿಲ್ಲ.

"ದಾರ ಬಿಚ್ಚಿ ತೂತು ತೋರಿಸಿದ್ರೆ ನಾವಿಬ್ಬರೂ ಬಚಾವ್," ಎಂದ. "ಆದ್ರೆ ದಾರ ಹಾಕಿದ್ಯಾರು ಅಂತ ಕೇಳ್ತಾರೆ."

"ಹೊಲಿಗೆ ಬಿಟ್ಟರೆ ಅಪ್ಪನ ಹತ್ರ ಬೇರೇನೂ ಇಲ್ಲ."

"ಗೊತ್ತು. ನಾನೇ ಬರೆಸಿ ಸೇರಿಸಿದೆ ಅಂತ ಬರೆದುಕೊಡ್ತೀನಿ."

"ನಿಮ್ಮ ಹೆಸರು ಮಣ್ಣಾಗುತ್ತೆ!"

"ಹೆಸರಿಲ್ಲದೇ ಬೆಳೆದೋನು ನಾನು. ಅಭ್ಯಾಸ ಇದೆ."

ಬೇರೆ ದಾರಿ ಅವಳಿಗೂ ಕಾಣಲಿಲ್ಲ. ಅತ್ತ ದರಿ, ಇತ್ತ ಪುಲಿ.

ಮರುದಿನ ಮಧ್ಯಾಹ್ನ ಅವನು ಸಂಘಕ್ಕೆ ಬರೆದ ಪತ್ರವನ್ನೂ ಪುಸ್ತಕವನ್ನೂ ಹಿಡಿದುಕೊಂಡು ಅಂಗಡಿಗೆ ಬಂದ. ಅಪ್ಪ ಒಳಗೆ ಹೊಲಿಗೆಯ ಚೌಕಟ್ಟಿನ ಮುಂದೆ ಕೂತಿದ್ದರು. ಇವರಿಬ್ಬರೂ ಬಾಗಿಲ ಬಳಿ ನಿಂತು ಪಿಸುಗುಟ್ಟಿದರು.

"ಆ ಹಾಳೆಗೋಸ್ಕರ ಅಧ್ಯಕ್ಷರಿಗೆ ಸುಳ್ಳು ಬರೆದು ಸಹಿ ಹಾಕ್ಬೇಡಿ, ನನ್ನಾಣೆ..."

"ಹಾಕಾಯ್ತು."

"ಆ ಪುಸ್ತಕ ಇಲ್ಲಿ ಕೊಡಿ," ಎಂದರು ಅಪ್ಪ ಒಳಗಿನಿಂದ.

ಇಬ್ಬರೂ ಕಲ್ಲಾದರು. ಕಣ್ಣು ಹೋದವರಿಗೆ ಕಿವಿ ಎಷ್ಟು ಚುರುಕು ಎಂಬುದನ್ನು ಈ ಪ್ರೇಮಿಗಳು ಮರೆತಿದ್ದರು!

ಅಪ್ಪ ಹಾಳೆಗಳನ್ನು ಎಣಿಸುತ್ತಾ ಹೋದರು. ನಲವತ್ತೊಂದಕ್ಕೆ ನಿಂತರು. ಹೆಬ್ಬೆರಳು ಒಳಮಡಿಕೆಯ ಉದ್ದಕ್ಕೂ ಸರಿಯಿತು. ಒಂದು ಸಲ. ಇನ್ನೊಂದು ಸಲ.

"ಇವು ನೀನು ಚುಚ್ಚಿದ್ದಾ, ಮಗಾ?"

"...ಹೂಂ ಅಪ್ಪಾ."

"ನಾನು ಇವುಗಳ ಮೇಲೇ ಹೊಲಿದದ್ದು ಎಷ್ಟು ದಿನದಿಂದ ಗೊತ್ತು ನಿನಗೆ?"

ಉತ್ತರಕ್ಕೆ ಕಾಯದೆ ಅಪ್ಪ ಚಾಕು ತಡವಿ ತೆಗೆದು ತಮ್ಮದೇ ಹೊಲಿಗೆಯನ್ನು ಕತ್ತರಿಸಿದರು. ದಾರ ಎಳೆದು, ಹಾಳೆ ಬಿಡಿಸಿ, ಡಾಕ್ಟರತ್ತ ಚಾಚಿದರು.

"ಮೂರೂ ಇವೆ. ತೋರ್ಸಿ ನಿಮ್ಮ ಅಧ್ಯಕ್ಷರಿಗೆ. ಬರೆದೋಳು ಸುಳ್ಳು ಹೇಳಿಲ್ಲ, ಹೊಲಿದೋನು ಕುರುಡ ಅಂತ ಹೇಳಿ."

"ಬೇಡ ಯಜಮಾನ್ರೇ, ನಾನಾಗಲೇ ಬರೆದಿದ್ದೀನಿ..."

"ಹರಿದು ಹಾಕಯ್ಯಾ ಅದನ್ನ! ನಮ್ಮ ಮನೆ ಅಳಿಯ ಆಗೋನು, ಮೊದಲೇ ಸುಳ್ಳು ಕಾಗದಕ್ಕೆ ಸಹಿ ಹಾಕ್ತಾನಂತೆ!"

ಡಾಕ್ಟರು ಪತ್ರವನ್ನು ಹರಿದುಹಾಕಿದ. ಜನ್ಮದಲ್ಲಿ ಮೊದಲ ಸಲ ಯಾರೋ ಅವನನ್ನು ತಮ್ಮ ಮನೆಯವನೆಂದು ಬೈದಿದ್ದರು.

ಅಪ್ಪ ಎದ್ದು ನಿಂತು, ಸೊಂಟಕ್ಕೆ ಕಟ್ಟಿದ್ದ ಅಂಟಿನ ಕಲೆಗಳ ಏಪ್ರನ್ ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟರು.

"ಅಪ್ಪಾ, ಎಲ್ಲಿಗೆ? ಇನ್ನೂ ಎರಡು ಪುಸ್ತಕ ಇವೆ ಹೊಲಿಯೋಕೆ..."

"ನೀನು ಹೊಲಿ. ನಂದು ಮುಗೀತು."

ಅವಳು ತೋಳು ಹಿಡಿದಳು. ಅಪ್ಪ ಬಿಡಿಸಿಕೊಂಡರು. ಒರಟಾಗಿ ಅಲ್ಲ, ಆದರೆ ಬಿಡಿಸಿಕೊಂಡರು. ಗೋಡೆ ತಡವುತ್ತಾ ಬಾಗಿಲು ದಾಟಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆ, "ಅಣ್ಣಾ, ನಿಲ್ಲೋ, ಕೋಲು!" ಎನ್ನುತ್ತಾ ಹಿಂದೆ ಓಡಿದಳು.

ಅವಳು ಹೊಸ್ತಿಲಲ್ಲೇ ಕುಸಿದು ಕೂತಳು. ಅವನು ಪಕ್ಕದಲ್ಲಿ ಬಂದು ಕೂತ.

"ಸಿಟ್ಟು ಇಳಿದ ಮೇಲೆ ಬರ್ತಾರೆ ಅಲ್ವಾ?" ಎಂದಳು.

"ನಿಜ ಹೇಳ್ಲಾ, ಸಮಾಧಾನ ಹೇಳ್ಲಾ ನಿಂಗೆ?"

ಮೊದಲ ಸಲ 'ನಿಂಗೆ' ಎಂದಿದ್ದ. ಬೇರೆ ಯಾವ ದಿನವಾದರೂ ಅವಳು ಆ ಒಂದು ಮಾತಿಗೆ ಕುಣಿದುಬಿಡುತ್ತಿದ್ದಳು.

"ಏನೂ ಹೇಳ್ಬೇಡಿ. ಕೈ ಹಿಡ್ಕೊಳ್ಳಿ, ಸಾಕು."

ಹಿಡಿದುಕೊಂಡ. ಇಬ್ಬರೂ ಬೀದಿಯನ್ನೇ ನೋಡುತ್ತಾ ಕೂತರು, ಸಂಜೆ ಅಂಗಡಿ ಮುಚ್ಚುವ ಹೊತ್ತಿನವರೆಗೂ.

ಅಪ್ಪ ಅಂಗಡಿಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಆಮೇಲೆ ಮಗಳ ಮದುವೆ ಮಾಡಿಕೊಟ್ಟರು, ಮನಸಾರೆ ಹರಸಿದರು. ಆ ಅಂಗಡಿಯ ಹೊಸ್ತಿಲನ್ನು ಮಾತ್ರ ಮತ್ತೆಂದೂ ತುಳಿಯಲಿಲ್ಲ.