ಸೀದ ಈರುಳ್ಳಿಯ ಸೂಪು

ಬಾಗಿಲು ತೆಗೆದವನು ಗಂಡ. ಹೊಸಿಲಾಚೆ ನಿಂತವಳು ಹೆಂಡತಿ.

ಅತ್ತೆ ತೀರಿಕೊಂಡ ಸ್ವಲ್ಪ ದಿನಕ್ಕೇ ಮನೆ ಬಿಟ್ಟು ಹೋಗಿದ್ದವಳು ಇವತ್ತು ಬಂದಿದ್ದಳು. ಒಂದು ಕೈಯಲ್ಲಿ ಬೀಫ್ ಪೊಟ್ಟಣ, ಇನ್ನೊಂದರಲ್ಲಿ ತರಕಾರಿ ಚೀಲ.

"ನಿಮಗೋಸ್ಕರ ಬಂದಿಲ್ಲ."

"ಗೊತ್ತು."

"ಮಾವ ಏನಾದ್ರೂ ತಿಂದ್ರಾ?"

"ನೀರೂ ಬೇಡ ಅಂತಿದಾರೆ. ಸಂಜೆಯೊಳಗೆ ಹೊಟ್ಟೆಗೆ ಏನೂ ಹೋಗ್ಲಿಲ್ಲ ಅಂದ್ರೆ ಆಸ್ಪತ್ರೆಗೆ ಸೇರಿಸಿ, ಮೂಗಿಗೆ ನಳಿಕೆ ಹಾಕ್ಬೇಕು ಅಂದ್ರು ಡಾಕ್ಟರ್. ಅಪ್ಪ ನಂಗೆ ಕೈ ಮುಗಿದ್ರು ಕಣೇ... ಅದೊಂದು ಬೇಡ ಅಂತ..."

ಎರಡು ಮಹಡಿ ನಡುವೆ ಸಿಕ್ಕಿಕೊಂಡ ಲಿಫ್ಟಿನ ಹಾಗೆ ಮಾತು ಅರ್ಧಕ್ಕೇ ನಿಂತಿತು.

ಅವನ ಕೆಲಸವೂ ಲಿಫ್ಟ್ ರಿಪೇರಿಯೇ. ಊರಿನ ಲಿಫ್ಟನ್ನೆಲ್ಲ ಎತ್ತೋನು, ಹೆಂಡತಿಯ ಫೋನ್ ಒಂದನ್ನ ಎತ್ತಲಿಲ್ಲ. ಅವಳೇನು ಕಮ್ಮಿಯೇ? ಫ್ಯಾಕ್ಟರಿ ಕ್ಯಾಂಟೀನಿನ ಅಡುಗೆಯವಳು. ನೂರಾರು ಜನರ ಸಾರಿಗೆ ಹದ ಹೇಳೋಳು, ಸ್ವಂತ ಸಂಸಾರ ಹದ ತಪ್ಪಿದಾಗ ಒಲೆ ಆರಿಸಿ ಎದ್ದು ಹೋಗಿದ್ದಳು.

ಎಲ್ಲಾ ಕೆಟ್ಟಿದ್ದು ಒಂದು ಸೂಪಿನಿಂದಲೇ. ಅತ್ತೆಯ ಬೀಫ್ ಸೂಪು ಅಂದ್ರೆ ಮಾವನಿಗೆ ಪ್ರಾಣ. ಅತ್ತೆ ಹೋದ ಮೇಲೆ ಇವಳು ಮಾಡಿಟ್ಟಾಗ, ಮಾವ ಒಂದು ಚಮಚ ಕುಡಿದು ಗೋಡೆ ಕಡೆ ತಿರುಗಿದ್ದರು. ಗಂಡ ಬಟ್ಟಲು ಸರಿಸಿ, "ಇದು ಅಮ್ಮನದಲ್ಲ" ಅಂದಿದ್ದ.

ಅವಳಿಗೆ ಕೇಳಿಸಿದ್ದು: ನೀನು ಈ ಮನೆಯವಳಲ್ಲ.

ಈಗ ಅದೇ ಪಾತ್ರೆ. ಮೂಳೆ ಸಮೇತ ಮಾಂಸ ಮೆಲ್ಲಗೆ ಕುದಿಯಿತು, ನೊರೆ ತೆಗೆದಳು. ಮೆಣಸು ಬಿತ್ತು, ಕ್ಯಾರೆಟ್ ಬಿತ್ತು, ಆಲೂಗಡ್ಡೆ, ಕೋಸು. ಕಿಟಕಿಯ ಬಿಸಿಲು ಗೋಡೆ ಹತ್ತುತ್ತಾ ಹೋಯಿತು.

'ಅತ್ತೆ, ಇದಕ್ಕೆ ಏನು ಹಾಕ್ತಿದ್ರಿ? ಈ ಕಿಟಕಿಯಲ್ಲಿ ನಿಂತು ಪಕ್ಕದ ಮನೆಯವಳಿಗೆ ಊರ ಸುದ್ದಿಯೆಲ್ಲ ಹೇಳ್ತಿದ್ರಲ್ಲ... ಸೂಪಿನ ಸುದ್ದಿ ಒಂದನ್ನ ನಂಗೆ ಹೇಳಬಾರದಿತ್ತಾ?'

ಈರುಳ್ಳಿ ಹುರಿದು ಹಾಕೋಷ್ಟೂ ತಾಳ್ಮೆ ಉಳಿಯಲಿಲ್ಲ. ಒಂದು ಚಮಚ ತಿಳಿ ತಗೊಂಡು ಓಡಿದಳು.

"ಮಾವ, ಒಂದೇ ಒಂದು ಗುಟುಕು."

ಹಾಸಿಗೆಯಲ್ಲಿ ಮನುಷ್ಯನಿಗಿಂತ ಹೊದಿಕೆಯೇ ಜಾಸ್ತಿ ಕಾಣ್ತಿತ್ತು. ತುಟಿ ಒದ್ದೆಯಾಯಿತು, ತೆರೆಯಲಿಲ್ಲ.

"ಬೇಡ ಮಗಳೇ. ನನ್ನ ಬಿಟ್ಟುಬಿಡು..."

ವಾಪಸ್ ಬಂದವಳು ಈರುಳ್ಳಿಯನ್ನ ಬಾಣಲೆಗೆ ಸುರಿದಳು. ಹಿಂದೆ ಗಂಡ ನಿಂತಿದ್ದ.

"ಹೇಳಿ, ಇನ್ನೊಂದ್ಸಲ ಹೇಳಿ. ಇದು ಅಮ್ಮನದಲ್ಲ, ಅಲ್ವಾ?"

"ಅವತ್ತು ನಾನು..."

"ಬಟ್ಟಲು ಸರಿಸಿದ್ರಿ. ನಾಯಿ ಮುಟ್ಟಿದ್ದನ್ನ ಸರಿಸೋ ಹಾಗೆ."

"ಚೆನ್ನಾಗಿತ್ತು ಕಣೇ."

ಅವಳು ತಿರುಗಿದಳು.

"ಅಮ್ಮನದಕ್ಕಿಂತ ಚೆನ್ನಾಗಿತ್ತು. ಬಾಯಿಗಿಟ್ಟ ತಕ್ಷಣ, ಇನ್ನು ಅಮ್ಮ ಬೇಕಾಗಿಲ್ಲ ಅನ್ನಿಸ್ತು. ಮಣ್ಣು ಮಾಡಿ ಬಂದ ಕೈ ಇನ್ನೂ ಆರಿರಲಿಲ್ಲ... ಇನ್ನೊಂದು ಚಮಚ ಹೇಗೆ ತಿನ್ನಲಿ ಹೇಳು?"

"ಇದನ್ನ ಫೋನಲ್ಲಿ ಹೇಳೋಕೇನಾಗಿತ್ತು?"

"ನಾಚಿಕೆ. ಆಮೇಲೆ ನಿನ್ನ ಫೋನೇ ನಿಂತುಹೋಯ್ತು. ನನ್ನನ್ನ ಬಿಟ್ಟೇಬಿಟ್ಟೆ ಅಂದ್ಕೊಂಡೆ."

ಅವಳ ಕಣ್ಣು ಉರಿಯಿತು. ಅಳುವಿಗೆ ಅಂದುಕೊಂಡಳು; ಅಲ್ಲ, ಹೊಗೆಗೆ. ಬಾಣಲೆಯಲ್ಲಿ ಈರುಳ್ಳಿ ಕರ್ರಗೆ ಸೀದುಹೋಗಿತ್ತು. ಇಷ್ಟು ವರ್ಷದ ಅಡುಗೆಯಲ್ಲಿ ಒಂದು ಎಸಳೂ ಸೀಯಿಸಿದವಳಲ್ಲ. 'ಇದೂ ಹೋಯ್ತು.' ಬಾಣಲೆ ಎತ್ತಿ ಕಸದ ಬುಟ್ಟಿ ಕಡೆ ತಿರುಗಿದಳು.

ಒಳಗಿಂದ ದನಿ ಬಂತು.

"ಲೇ, ಈರುಳ್ಳಿ ಸೀಯ್ತಾ ಇದೆ... ಆ ಪಕ್ಕದ ಮನೆಯವಳ ಜೊತೆ ಮಾತು ಸಾಕು ಕಣೇ..."

ಬಾಣಲೆ ಬುಟ್ಟಿಯ ಮೇಲೇ ನಿಂತಿತು.

"ಅಪ್ಪ ಅಮ್ಮನಿಗೆ ದಿನಾ ಹೇಳ್ತಿದ್ದಿದ್ದು ಅದು," ಅವನು ಪಿಸುಗುಟ್ಟಿದ. "ಮಾತಾಡ್ತಾ ಪ್ರತೀ ಸಲ ಸೀಯಿಸ್ತಿದ್ರು. ಎಸೆಯೋಕೆ ಮನಸ್ಸು ಬರದೆ ಸೂಪಿಗೇ ಹಾಕ್ತಿದ್ರು."

ಅತ್ತೆ ಮುಚ್ಚಿಟ್ಟ ಗುಟ್ಟಲ್ಲ, ಅತ್ತೆಗೇ ಗೊತ್ತಿಲ್ಲದ ರುಚಿ.

ಅವಳು ಕರಿ ಈರುಳ್ಳಿಯನ್ನ ಹಾಗೇ ಪಾತ್ರೆಗೆ ಬಗ್ಗಿಸಿದಳು.

ಅವನು ಅಪ್ಪನ ತಲೆ ಎತ್ತಿ ಹಿಡಿದ. ಅವಳು ಚಮಚ ತುಟಿಗಿಟ್ಟಳು. ಮೊದಲ ಗುಟುಕು ಅರ್ಧ ಗಲ್ಲಕ್ಕೆ ಹರಿಯಿತು. ಎರಡನೆಯದಕ್ಕೆ ಗಂಟಲು ಅಲ್ಲಾಡಿತು. ಮಾವ ಕಣ್ಣು ಬಿಟ್ಟು ಸೊಸೆಯನ್ನೇ ನೋಡಿದರು, ಕಣ್ಣು ತುಂಬಿಕೊಂಡರು.

"ಅವಳಲ್ಲ, ನೀನು..." ಅಂದರು. ಆಮೇಲೆ ತಾವೇ ಬಾಯಿ ತೆರೆದರು.

ಬಟ್ಟಲು ಖಾಲಿಯಾದ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ ನಿಂತರು. ಅವನೊಂದು ಬಟ್ಟಲು ಬಡಿಸಿಕೊಂಡು, ನಿಂತಲ್ಲೇ, ತಳ ಕಾಣುವವರೆಗೂ ಕುಡಿದ.

"ನಾಳೆನೂ ಮಾಡ್ತೀಯಾ?"

"ಒಬ್ಬಳೇ ಇದ್ರೆ ನನ್ನ ಕೈಲಿ ಈರುಳ್ಳಿ ಸೀಯಲ್ಲ. ಯಾರಾದ್ರೂ ಮಾತಾಡ್ತಾ ಇರ್ಬೇಕು."

"ಎಷ್ಟು ಹೊತ್ತು?"

"ಅದು ನಿಮಗೆ ಬಿಟ್ಟಿದ್ದು."

ಅವನು ಸ್ಟೂಲ್ ಎಳೆದುಕೊಂಡು ಒಲೆ ಪಕ್ಕ ಕೂತ.

"ನಂಗೆ ಬೇಕಾದಷ್ಟು ಹೊತ್ತಿದೆ."